ಕೆಸರಿನೊಳಗೆ ಬಾಯಿ ತೆರೆಯುವ ಹಕ್ಕಿ

ವುಡ್‌ಕಾಕ್ ನೋಡಲೇಬೇಕೆಂಬ ಆಸೆಯಿದ್ದರೆ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರಬೇಡಿ. ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ ಇಳಿದು ಬರುವ ಆ ಹಕ್ಕಿಗೆ ನೀಲಗಿರಿಯಂಥ ಕಡೆಯ ತೇವದ ಕಾಡುನೆಲವೇ ಆಗಬೇಕು. ನಮ್ಮ ಬಯಲುಸೀಮೆಯ ಕೆರೆಯಂಚಿಗೆ ಬರುವುದು ಅದರ ದಾಯಾದಿ ಸ್ನೈಪ್. ಶಿವರಾತ್ರಿಗೆ ಭೋಗನಂದೀಶ್ವರನ ತೇರು ಎಳೆಯುವ ಹೊತ್ತಿಗೆ ಕೆರೆಯ ನೀರು ಹಿಂದೆ ಸರಿದು ಹಸಿ ಕೆಸರು ಬಯಲಾಗಿರುತ್ತದೆ. ಸ್ನೈಪ್ ಹುಡುಕುವವರಿಗೆ ಅದೇ ಸುಗ್ಗಿ.

ಹಕ್ಕಿಯ ಉದ್ದ 25ರಿಂದ 27 ಸೆಂ.ಮೀ. ಅದರಲ್ಲಿ ಸುಮಾರು ಕಾಲು ಭಾಗ ಕೊಕ್ಕೇ! ಇದನ್ನು ಬುಡದವರೆಗೂ ಕೆಸರಿಗಿಳಿಸಿ ಎರೆಹುಳು, ಕೀಟದ ಮರಿಹುಳುಗಳನ್ನು ಹುಡುಕುತ್ತದೆ. ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಕೊಕ್ಕಿನ ತುದಿಯಲ್ಲಿ ಸಣ್ಣ ಸಣ್ಣ ಗುಳಿಗಳಿದ್ದು, ಅವುಗಳೊಳಗೆ ಹರ್ಬ್‌ಸ್ಟ್ ಕಣಗಳೆಂಬ ಸ್ಪರ್ಶಗ್ರಾಹಕಗಳು ತುಂಬಿವೆ. ಹುಳು ಮಿಸುಕಿದರೆ ಸಾಕು, ಗೊತ್ತಾಗಿಬಿಡುತ್ತದೆ. ಗೊತ್ತಾದರೇನು, ನಾಲ್ಕೂ ಕಡೆಯಿಂದ ಕೆಸರು ಅಮುಕುತ್ತಿರುವಾಗ ಬಾಯಿ ತೆರೆಯುವುದು ಹೇಗೆ? ಸ್ನೈಪ್ ಇಡೀ ಬಾಯಿ ತೆರೆಯುವುದೇ ಇಲ್ಲ. ತಲೆಬುರುಡೆಯ ಸ್ನಾಯುಗಳು ಮೇಲ್ಕೊಕ್ಕಿನ ತೆಳು ಮೂಳೆಗಳನ್ನು ಮುಂದಕ್ಕೆ ತಳ್ಳುತ್ತವೆ. ಆಗ ಕೊಕ್ಕಿನ ತುದಿಯಷ್ಟೇ ಬಾಗಿ, ಅಕ್ಕಸಾಲಿಗನ ಚಿಮಟದಂತೆ ಹುಳುವನ್ನು ಹಿಡಿಯುತ್ತದೆ. ಚಿಕ್ಕ ಹುಳುವಾದರೆ ಕೊಕ್ಕನ್ನು ಹೊರಗೆಳೆಯದೆ ಅಲ್ಲೇ ನುಂಗುವುದೂ ಉಂಟು.

ತಲೆ ತಗ್ಗಿಸಿ ಉಣ್ಣುವವರಿಗೆ ಬೆನ್ನ ಹಿಂದಿನ ಭಯ ಇದ್ದೇ ಇರುತ್ತದೆ. ಅದಕ್ಕೇ ಈ ಕುಲದ ಹಕ್ಕಿಗಳ ಕಣ್ಣು ತಲೆಯ ಮೇಲ್ಭಾಗದಲ್ಲಿ, ತೀರ ಹಿಂದಕ್ಕಿವೆ. ವುಡ್‌ಕಾಕ್ ಅಂತೂ ಕತ್ತು ತಿರುಗಿಸದೆಯೇ ಸುತ್ತಲೂ ನೋಡಬಲ್ಲದು. ಹಾಗಾಗಿ ನೀವು ಸ್ನೈಪನ್ನು ಕಾಣುವ ಮೊದಲೇ ಅದು ನಿಮ್ಮನ್ನು ಕಂಡಿರುತ್ತದೆ. ಒಣಹುಲ್ಲಿನ ಬಣ್ಣದ ಮೈಯನ್ನು ನೆಲಕ್ಕೊತ್ತಿ ಕೂತು, ಕಾಲಬುಡದಲ್ಲೇ ಕರ್ಕಶವಾಗಿ ಕೂಗಿ ಎದ್ದು ಅಂಕುಡೊಂಕಾಗಿ ಹಾರುತ್ತದೆ. ಆ ಒಂದೆರಡು ಗಳಿಗೆಯಲ್ಲಿ ರೆಕ್ಕೆಯ ಹಿಂಬದಿ ನೋಡಿ: ಬಿಳಿ ಅಂಚು ಎದ್ದು ಕಂಡರೆ ಸಾಮಾನ್ಯ ಸ್ನೈಪ್, ಇಲ್ಲದಿದ್ದರೆ ಬಹುಶಃ ಸೈಬೀರಿಯಾದಿಂದ ಬಂದ ಸೂಜಿಬಾಲದ ಸ್ನೈಪ್. ಸೂಜಿಯಂಥ ಆ ಬಾಲದ ಗರಿಗಳನ್ನು ಹಾರುವಾಗ ಕಂಡೆನೆನ್ನುವವರ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ನಡುನೀರಿನ ಬಾತುಗಳನ್ನು ಗುರುತಿಸಲು ಇಷ್ಟು ಪಾಡಿಲ್ಲ. ಬಿಳಿಹುಬ್ಬಿನ ಬಾತು, ಚಲುಕದ ಬಾತುಗಳ ಗಂಡುಗಳು ಶಿವರಾತ್ರಿಯ ಹೊತ್ತಿಗೆ ಪೂರ್ತಿ ಬಣ್ಣಕ್ಕೆ ಬಂದಿರುತ್ತವೆ. ಚಲುಕದ ಬಾತು ಅಗಲ ಕೊಕ್ಕಿನ ಅಂಚಿನ ಎಳೆಗಳಲ್ಲಿ ನೀರು ಸೋಸಿ ಸಣ್ಣ ಸಣ್ಣ ಜಲಜೀವಿಗಳನ್ನು ತಿನ್ನುತ್ತದೆ. ಬೇಸಿಗೆ ಏರುತ್ತಿದ್ದಂತೆ ಇವೆಲ್ಲ ಉತ್ತರಕ್ಕೆ ಹೊರಡುತ್ತವೆ.

ಬ್ರಿಟಿಷರ ಕಾಲದಲ್ಲಿ ಸ್ನೈಪ್ ಬೇಟೆ ದೊರೆಗಳ ಶೋಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೋವಿಯನ್ನು ಕೆಳಗಿಳಿಸಿತು. ಈಗಿನ ಅಪಾಯ ಬೇರೆ. ಕಂದವಾರ, ರಾಮಸಮುದ್ರ, ವಾಟದಹೊಸಹಳ್ಳಿ ಎಂದು ಕೆರೆಗಳೇ ಆಧಾರವಾದ ಜಿಲ್ಲೆ ಇದು. ಹೂಳು ತೆಗೆಯುವುದು ಬೇಡವೆಂದು ಯಾರೂ ಹೇಳಲಾರರು. ಆದರೆ ಜೆಸಿಬಿ ನಾಲ್ಕೂ ಕಡೆ ಗೋಡೆಯಂತೆ ಕಡಿದ ಕೆರೆಯಲ್ಲಿ ನೀರು ಇಳಿದರೂ ಕೆಸರಂಚು ಹುಟ್ಟುವುದಿಲ್ಲ. ಅಲ್ಲಿ ಮುಳುಗುಬಾತುಗಳು ಬದುಕಿಯಾವು, ಸ್ನೈಪ್‌ಗೆ ಕೊಕ್ಕೂರಲು ಜಾಗವಿಲ್ಲ. ನಿಮ್ಮೂರ ಕೆರೆಗೆ ಯಂತ್ರ ಇಳಿದಾಗ ಒಂದು ಬದಿಯನ್ನಾದರೂ ಇಳಿಜಾರಾಗಿ ಬಿಡುವಂತೆ ಎಂಜಿನಿಯರರನ್ನು, ಪಂಚಾಯ್ತಿಯವರನ್ನು ಕೇಳಿ. ದನಗಳು ನೀರಿಗಿಳಿಯುವುದಕ್ಕೂ ಅದೇ ದಾರಿಯಾಗುತ್ತದೆ.