ಆಟದ ಯಂತ್ರಕ್ಕೂ ಬಹಿಷ್ಕಾರ! – ಪಾಲಕರು ತಿಳಿದಿರಬೇಕಾದ ಕೆಲವು ಸಂಗತಿಗಳು

ನಮ್ಮ ಸಂಘದ ಸ್ಮರಣ ಸಂಚಿಕೆಗಳಲ್ಲಿ ರಕ್ತದೊತ್ತಡ, ಮಧುಮೇಹ, ಮಕ್ಕಳ ಲಸಿಕೆ ಮೊದಲಾದ ವಿಷಯಗಳನ್ನು ಕುರಿತು ವೈದ್ಯ ಮಿತ್ರರು ಬರೆಯುತ್ತ ಬಂದಿದ್ದಾರೆ. ಅವುಗಳ ನಡುವೆ ಮಕ್ಕಳ ಆಟದ ಯಂತ್ರದ ಮಾತೇಕೆ ಎಂದು ವಾಚಕರಿಗೆ ಅನ್ನಿಸಬಹುದು. ಮನೆಯ ನೆಮ್ಮದಿಯೂ ಆರೋಗ್ಯದ ಒಂದು ಭಾಗವೇ ಅಲ್ಲವೇ? ಆ ನೆಮ್ಮದಿಯನ್ನು ಕೆಡಿಸಿದ ಪ್ರಸಂಗವೊಂದು ನಮ್ಮ ಕುಟುಂಬದಲ್ಲೇ ನಡೆದುದರಿಂದ ಈ ಬರಹಕ್ಕೆ ಕೈಹಾಕಿದ್ದೇನೆ.

ನಾನು ಓಝರ್‌ನ ವಿಮಾನ ಕಾರ್ಖಾನೆಗೆ ಬೆಂಗಳೂರಿನಿಂದ ವರ್ಗವಾಗಿ ಬಂದು ನಾಸಿಕದಲ್ಲಿ ನೆಲೆಸಿದವನು. ನನ್ನ ತಮ್ಮ ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ ಉದ್ಯೋಗಿ. ನನ್ನ ಮಗನಿಗೂ ಅವನ ಮಗನಿಗೂ ಒಂದೇ ವಯಸ್ಸು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ. ತಮ್ಮ ವಯಸ್ಸಿನವರೊಡನೆ ಕನ್ನಡ ಮಾತನಾಡಲು ಆ ಹುಡುಗರಿಗೆ ಪರಸ್ಪರರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಸಂಜೆ ಆಟದ ಯಂತ್ರಗಳನ್ನು ಜಾಲದಲ್ಲಿ ಜೋಡಿಸಿಕೊಂಡು, ಪಕ್ಕದಲ್ಲಿ ದೂರವಾಣಿ ಇಟ್ಟುಕೊಂಡು, ಒಂದು ಗಂಟೆ ಕನ್ನಡದಲ್ಲಿ ಹರಟುತ್ತ ಆಡಬೇಕೆಂಬುದು ಇಬ್ಬರ ಆಸೆ. ನನ್ನ ಮಗನಲ್ಲಿ ಯಂತ್ರವಿತ್ತು. ತಮ್ಮನ ಮಗನಲ್ಲಿ ಇರಲಿಲ್ಲ.

ಆ ದೀಪಾವಳಿಗೆ ತಮ್ಮ ಬಳಸಿದ ಯಂತ್ರವೊಂದನ್ನು 12,000 ರೂಪಾಯಿಗೆ ಕೊಂಡನು. ಮಾರಿದವನು, “ಇದರೊಳಗೆ ನಲವತ್ತು ಆಟ ತುಂಬಿಸಿದೆ, ಇನ್ನು ಒಂದು ಕಾಸೂ ಖರ್ಚಿಲ್ಲ” ಎಂದನಂತೆ. ಹೊಸ ಆಟವೊಂದಕ್ಕೇ ನಾಲ್ಕೈದು ಸಾವಿರ ತೆರಬೇಕಾದ ಕಾಲದಲ್ಲಿ ಇಂಥ ಮಾತಿಗೆ ಯಾವ ತಂದೆ ಮರುಳಾಗುವುದಿಲ್ಲ? ಮನೆಗೆ ಬಂದು ಜಾಲಕ್ಕೆ ಸೇರಿಸಿದಾಗ, ಈ ಯಂತ್ರಕ್ಕೆ ಜಾಲಸೇವೆಯನ್ನು ನಿರ್ಬಂಧಿಸಲಾಗಿದೆ ಎಂಬ ಸೂಚನೆ ಪರದೆಯ ಮೇಲೆ ಮೂಡಿತು. ಮಾರಿದವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ರಾತ್ರಿ ಹುಡುಗ ನನಗೆ ಕರೆಮಾಡಿ, “ದೊಡ್ಡಪ್ಪಾ, ನಾನು ಏನೂ ತಪ್ಪು ಮಾಡಿಲ್ಲ, ನನ್ನನ್ನು ಯಾಕೆ ಹೊರಗೆ ಹಾಕಿದರು?” ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರ ಹುಡುಕಹೊರಟಾಗ ತಿಳಿದ ಸಂಗತಿಗಳಿವು.

ನಿಷೇಧ ಬೀಳುವುದು ಹೇಗೆ?

1990ರ ದಶಕದಲ್ಲಿ ನಾವು ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ಯಂತ್ರಗಳನ್ನು ನೆನೆಯಿರಿ. ‘9999 ಆಟಗಳು’ ಎಂದು ಮುದ್ರಿಸಿದ ಕ್ಯಾಸೆಟ್ಟುಗಳು ಜಾತ್ರೆಯಲ್ಲೂ ಸಿಗುತ್ತಿದ್ದವು. ಅವು ನಕಲಿಯೇ ಆದರೂ ಕೇಳುವವರಿರಲಿಲ್ಲ. ಏಕೆಂದರೆ ಆ ಯಂತ್ರ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಇಂದಿನ ಯಂತ್ರವಾದರೋ ಜಾಲಕ್ಕೆ ಸೇರಿದೊಡನೆ ತಯಾರಕರ ಗಣಕಕ್ಕೆ ತನ್ನ ಗುರುತನ್ನು ತಾನೇ ಹೇಳಿಕೊಳ್ಳುತ್ತದೆ.

ನಿಂಟೆಂಡೊ ಸಂಸ್ಥೆಯ ಸ್ವಿಚ್ ಯಂತ್ರವನ್ನೇ ಉದಾಹರಣೆಯಾಗಿ ನೋಡೋಣ. ಪ್ರತಿಯೊಂದು ಯಂತ್ರಕ್ಕೂ ಕಾರ್ಖಾನೆಯಲ್ಲೇ ಪ್ರತ್ಯೇಕವಾದ ಗುರುತಿನ ಪ್ರಮಾಣಪತ್ರವನ್ನು ಅಳವಡಿಸಿರುತ್ತಾರೆ. ಆಟದ ಒಂದೊಂದು ಕಾರ್ಡಿಗೂ ಅಂಥದೇ ಬೇರೆ ಬೇರೆ ಗುರುತು ಇರುತ್ತದೆ. ಜಾಲದ ಮೂಲಕ ಕೊಂಡ ಆಟಕ್ಕಾದರೆ ಕೊಂಡವನ ಖಾತೆಗೆ ಹೊಂದುವ ಚೀಟಿಯೊಂದಿರುತ್ತದೆ. ಕಳ್ಳ ಪ್ರತಿಯಲ್ಲಿ ಈ ಗುರುತು ಇರುವುದಿಲ್ಲ, ಇಲ್ಲವೇ ಇನ್ನೊಬ್ಬರ ಗುರುತು ಇರುತ್ತದೆ. ಒಂದೇ ಕಾರ್ಡು ಎರಡು ಊರುಗಳಲ್ಲಿ ಏಕಕಾಲಕ್ಕೆ ಕಾಣಿಸಿದರೆ ಮೋಸ ಬಯಲಾಗುತ್ತದೆ. ಈ ವ್ಯವಸ್ಥೆಯನ್ನು ಭದ್ರತಾ ಸಂಶೋಧಕರು 2018ರಲ್ಲೇ ವಿವರಿಸಿದ್ದಾರೆ.

ಅದೇ ವರ್ಷ ಏಪ್ರಿಲಿನಲ್ಲಿ, ಮೊದಲ ತಂಡದ ಸ್ವಿಚ್ ಯಂತ್ರಗಳ ಚಿಪ್ಪಿನಲ್ಲಿದ್ದ ದೋಷವೊಂದು ಪ್ರಕಟವಾಯಿತು. ದೋಷವು ತಿದ್ದಲಾಗದ ಭಾಗದಲ್ಲಿದ್ದುದರಿಂದ ತಯಾರಕರು ಮಾರಿಹೋದ ಯಂತ್ರಗಳನ್ನು ದೂರದಿಂದ ಸರಿಪಡಿಸುವಂತಿರಲಿಲ್ಲ. ಬಾಗಿಲಿಗೆ ಬೀಗ ಹಾಕಲಾಗದಿದ್ದರೂ ಒಳಗೆ ಬಂದವರನ್ನು ಗುರುತಿಸಿ ಜಾಲದಿಂದ ಹೊರಗಿಡಬಹುದಷ್ಟೆ. ನಿಷೇಧದ ಮಹತ್ವ ಇಲ್ಲಿದೆ.

ಇದು ಒಂದು ಸಂಸ್ಥೆಯ ಕ್ರಮವಲ್ಲ. ಮೈಕ್ರೋಸಾಫ್ಟ್ ಸಂಸ್ಥೆ 2009ರ ನವೆಂಬರಿನಲ್ಲಿ ಮಾರ್ಪಡಿಸಿದ ಎಕ್ಸ್‌ಬಾಕ್ಸ್ 360 ಯಂತ್ರಗಳನ್ನು ಸಾಮೂಹಿಕವಾಗಿ ಜಾಲದಿಂದ ಹೊರಗಿಟ್ಟಿತು. ಅವುಗಳ ಸಂಖ್ಯೆ ಆರರಿಂದ ಹತ್ತು ಲಕ್ಷವೆಂದು ಆಗಿನ ವರದಿಗಳು ಅಂದಾಜು ಮಾಡಿದವು. ಸೋನಿ ಸಂಸ್ಥೆ 2011ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 3 ಬಳಕೆದಾರರಿಗೆ ಇಂಥದೇ ಎಚ್ಚರಿಕೆ ನೀಡಿತು. 2025ರ ಜೂನಿನಲ್ಲಿ ಸ್ವಿಚ್ 2 ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ, ನಕಲು ಆಟಗಳನ್ನು ನಡೆಸುವ ಕಾರ್ಡು ಬಳಸಿದವರ ಯಂತ್ರಗಳಿಗೆ ಜಾಲಸೇವೆ ನಿಂತಿತು.

ಮೊಸರು ತಿಂದವರು ಯಾರು?

ಈಗ ಹುಡುಗನ ಪ್ರಶ್ನೆಗೆ ಬರೋಣ. ಇಂಥ ನಿಷೇಧ ಬಹುಮಟ್ಟಿಗೆ ಬೀಳುವುದು ಯಂತ್ರದ ಮೇಲೆ. ಯಂತ್ರ ಕೈಬದಲಾಯಿಸಿದರೆ ನಿಷೇಧವೂ ಅದರೊಡನೆ ಹೋಗುತ್ತದೆ. ಒಳಗಿನದನ್ನೆಲ್ಲ ಅಳಿಸಿ ಹೊಸದರಂತೆ ಮಾಡಿದರೂ ಕಾರ್ಖಾನೆಯ ಗುರುತು ಅಳಿಯುವುದಿಲ್ಲ. ಮೊದಲಿನ ಒಡೆಯನು ಪುಕ್ಕಟೆ ಆಟಗಳನ್ನೆಲ್ಲ ಆಡಿ, ಹೊರದೂಡಲ್ಪಟ್ಟ ಮೇಲೆ ಯಂತ್ರವನ್ನು ಅಗ್ಗಕ್ಕೆ ಮಾರಿರಬೇಕು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ ಇದೇ. ಮೇಕೆಯಾದವನು ಹನ್ನೊಂದು ವರ್ಷದ ಬಾಲಕ.

ಕಾನೂನಿನ ಮಾತು

ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ಬೀಗವನ್ನು ಮುರಿಯುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಲು 1957ರ ಹಕ್ಕುಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 65ಎ ಕಲಮು ಅವಕಾಶ ಕೊಡುತ್ತದೆ. ಕಳ್ಳ ಪ್ರತಿಯೆಂದು ತಿಳಿದೂ ಗಣಕ ಕಾರ್ಯಕ್ರಮವನ್ನು ಬಳಸುವುದು 63ಬಿ ಕಲಮಿನಂತೆ ಅಪರಾಧ. ಮಾರ್ಪಡಿಸಿದ ಪ್ಲೇಸ್ಟೇಷನ್‌ಗಳ ಬಗ್ಗೆ 2012ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ತಡೆಯಾಜ್ಞೆಯನ್ನೂ ನೀಡಿತ್ತು.

ಮುಂಜಾಗ್ರತೆಯ ಕ್ರಮಗಳು

ರೋಗ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಮೇಲು. ಬಳಸಿದ ಯಂತ್ರವನ್ನು ಕೊಳ್ಳುವವರು ಕೆಳಗಿನ ಸಂಗತಿಗಳನ್ನು ಗಮನದಲ್ಲಿಡಬೇಕು.

1. ಹಣ ಕೊಡುವ ಮೊದಲು, ಮಾರುವವನ ಎದುರಿನಲ್ಲೇ ಯಂತ್ರವನ್ನು ಜಾಲಕ್ಕೆ ಸೇರಿಸಿ, ಅದರ ಅಧಿಕೃತ ಅಂಗಡಿಯ ಪುಟವನ್ನೂ ಜಾಲದ ಆಟವೊಂದನ್ನೂ ತೆರೆದು ನೋಡಿರಿ.

2. ‘ಆಟ ತುಂಬಿಸಿದೆ’ ಎಂಬ ಯಂತ್ರ ಬೇಡ. ಇಂದು ನಿಷೇಧವಿಲ್ಲದಿದ್ದರೂ ನಾಳೆ ಬೀಳಬಹುದು.

3. ಯಂತ್ರದ ಕ್ರಮಸಂಖ್ಯೆ ಬರೆಸಿದ ರಸೀತಿ ಪಡೆಯಿರಿ. ಬಳಸಿದ ಆಟದ ಕಾರ್ಡು ಕೊಂಡಾಗಲೂ ರಸೀತಿ ಇರಲಿ. ಖರೀದಿಯ ದಾಖಲೆ ತೋರಿಸಿ ನಿಷೇಧವನ್ನು ತೆರವು ಮಾಡಿಸಿಕೊಂಡ ಪ್ರಸಂಗವೂ ಉಂಟು.

4. ಸಂದೇಹವಿರುವ ಯಂತ್ರದಲ್ಲಿ ಮಗುವಿನ ಖಾತೆಯನ್ನು ತೆರೆಯಬೇಡಿರಿ. ಕೆಲವು ವೇಳೆ ಖಾತೆಗೂ ನಿಷೇಧ ತಗಲುವುದುಂಟು. ಆಗ ಹಣ ಕೊಟ್ಟು ಕೊಂಡ ಆಟಗಳೂ ಕೈತಪ್ಪಬಹುದು.

5. ‘ನಿಷೇಧ ತೆಗೆದುಕೊಡುತ್ತೇನೆ’ ಎಂದು ಹಣ ಕೇಳುವವರನ್ನು ನಂಬಬೇಡಿರಿ.

ಇವೆಲ್ಲಕ್ಕಿಂತ ಮುಖ್ಯವಾದುದು ಮಕ್ಕಳೊಡನೆ ಬಿಚ್ಚುಮನಸ್ಸಿನ ಮಾತು. ತಮ್ಮನು ಮಗನೆದುರು, “ಅಗ್ಗಕ್ಕೆ ಸಿಕ್ಕಿತೆಂದು ನಾನು ವಿಚಾರಿಸದೆ ತಂದೆ, ತಪ್ಪು ನನ್ನದು” ಎಂದು ಒಪ್ಪಿಕೊಂಡನು. ಕೆಲ ತಿಂಗಳ ನಂತರ ಇಬ್ಬರೂ ಇನ್ನೊಂದು ಯಂತ್ರವನ್ನು ನೋಡಲು ಹೋಗಿದ್ದರು. ಮೊದಲು ಜಾಲಕ್ಕೆ ಸೇರಿಸಿ ತೋರಿಸಿ ಎಂದು ಕೇಳಿದವನು ಬಾಲಕನೇ. ಮಾರುವವನು ನೆಪ ಹೇಳತೊಡಗಿದಾಗ, “ಅಪ್ಪಾ, ಬೇಡ, ಹೋಗೋಣ” ಎಂದನಂತೆ. ಮುಂದಿನ ಯುಗಾದಿಗೆ ನಾವಿಬ್ಬರು ಅಣ್ಣತಮ್ಮಂದಿರು ಹಣ ಕೂಡಿಸಿ ಹೊಸ ಯಂತ್ರವನ್ನೇ ತಂದೆವು. ಆಟ ಮಾತ್ರ ಒಂದೇ ಒಂದು.

ಆ ಒಂದೇ ಆಟವನ್ನು ಅವರು ಇಂದಿಗೂ ಆಡುತ್ತಿದ್ದಾರೆ. ಸಂಜೆ ಏಳರ ಹೊತ್ತಿಗೆ ನಮ್ಮ ಮನೆಯ ಹಜಾರದಲ್ಲಿ, “ಲೋ, ಆ ಕಡೆ ಹೋಗಬೇಡ, ಬಿದ್ದುಬಿಡ್ತೀಯ!” ಎಂಬ ಕೂಗು ಕೇಳಿಸುತ್ತದೆ. ಇನ್ನೂರು ಕಿಲೋಮೀಟರ್ ಆಚೆಯಿಂದ ಉತ್ತರವೂ ಕನ್ನಡದಲ್ಲೇ ಬರುತ್ತದೆ.