ಬೆಸುಗೆಯ ಬಿಸಿ ತಾಳುವ ಬಿಡಿಭಾಗ
ಮುಳಬಾಗಿಲಿನಿಂದ ನರಸಾಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗುವ ನಾನು ಸರ್ಕ್ಯೂಟ್ ಬೋರ್ಡ್ ಜೋಡಿಸುವ ಲೈನ್‌ನಲ್ಲಿದ್ದೇನೆ. ಡಿಪ್ಲೊಮಾ ಲ್ಯಾಬಿನಲ್ಲಿ ಬಳಸಿದ ತವರ–ಸೀಸದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತಿತ್ತು. 2006ರಲ್ಲಿ ಯುರೋಪ್ ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ತವರ, ಬೆಳ್ಳಿ, ತಾಮ್ರದ ಮಿಶ್ರಣ ಬಂತು. ಅದು ಕರಗಲು ಸುಮಾರು 217 ಡಿಗ್ರಿ ಬೇಕು. ರಿಫ್ಲೋ ಓವನ್‌ನ ಬಿಸಿ 240ರ ಆಸುಪಾಸು. ಅಲ್ಲಿ ಕಾಯುವುದು ಕಾಲುಗಳಷ್ಟೇ ಅಲ್ಲ, ಇಡೀ ಬಿಡಿಭಾಗ. ಬದಲಿಗೆ ತಂದ ಕನೆಕ್ಟರ್ ಅಳತೆಗೆ ಸರಿಹೊಂದಿದರೂ ಅದರ ಪ್ಲಾಸ್ಟಿಕ್ ಸೊಟ್ಟಗಾದರೆ ಇಡೀ ಬ್ಯಾಚ್ ಗುಜರಿಗೆ. ಅದಕ್ಕೇ ವೋಲ್ಟೇಜ್, ಅಳತೆ ನೋಡಿದ ಮೇಲೆ ಡೇಟಾಶೀಟ್‌ನಲ್ಲಿ ಸೋಲ್ಡರಿಂಗ್ ತಾಪಮಾನವನ್ನೂ ನೋಡುತ್ತೇನೆ. ಕೋಲಾರ, ಮಾಲೂರು, ಶ್ರೀನಿವಾಸಪುರದಿಂದ ಕೆಲಸ ಹುಡುಕಿ ಬರುವ ಗೆಳೆಯರೇ, ಸಂದರ್ಶನಕ್ಕೆ ಮುನ್ನ ಒಂದು ಡೇಟಾಶೀಟನ್ನಾದರೂ ಕೊನೆಯ ಪುಟದವರೆಗೆ ಓದಿ.