ಕೆ.ಆರ್. ಪುರಕ್ಕೆ ಎಷ್ಟು ಗಂಟೆಗೆ ರೈಲು?

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹಲಸೂರು ಕೆರೆಯನ್ನು ಚಿತ್ರೀಕರಿಸಿ, ಟೇಪಿನ ಮೇಲೆ ‘ಕೆರೆ, ಬೆಳಗ್ಗೆ’ ಎಂದಷ್ಟೇ ಬರೆದಿಟ್ಟಿದ್ದೆ. ಮೂರು ತಿಂಗಳ ನಂತರ ಕಾರ್ಯಕ್ರಮ ಪ್ರಸಾರವಾದಾಗ ಹಲಸೂರಿನ ವರ್ಣನೆಯ ಜೊತೆಗೆ ತೆರೆಯ ಮೇಲೆ ಬಂದದ್ದು ಬೇರೆ ಯಾವುದೋ ಕೆರೆ! ಟೇಪು ತಂದುಕೊಟ್ಟ ಹುಡುಗನದೇನೂ ತಪ್ಪಿರಲಿಲ್ಲ. ಅವನಿಗೆ ಕಾಣಿಸುತ್ತಿದ್ದುದು ಟೇಪಿನೊಳಗಿನ ಚಿತ್ರವಲ್ಲ, ಮೇಲಿನ ಚೀಟಿ ಮಾತ್ರ.

ಕೃತಕ ಬುದ್ಧಿಮತ್ತೆಯ ‘ಏಜೆಂಟ್’ಗಳ ಪಾಡೂ ಆ ಹುಡುಗನದೇ. ಏಜೆಂಟ್ ಎಂದರೆ ಬರೀ ಮಾತನಾಡುವ ಗಣಕವಲ್ಲ. ನಿಮ್ಮ ಪರವಾಗಿ ಹುಡುಕುವ, ಲೆಕ್ಕ ಹಾಕುವ, ಟಿಕೆಟ್ ಕಾದಿರಿಸುವ ವ್ಯವಸ್ಥೆ. ಇದಕ್ಕಾಗಿ ಅದಕ್ಕೆ ಕೆಲವು ಉಪಕರಣಗಳನ್ನು, ಅಂದರೆ ‘ಟೂಲ್’ಗಳನ್ನು, ಒದಗಿಸುತ್ತಾರೆ. 2023ರ ಜೂನ್‌ನಲ್ಲಿ ಓಪನ್‌ಎಐ ಸಂಸ್ಥೆ ತನ್ನ ಮಾದರಿಗಳಿಗೆ ಈ ಸೌಲಭ್ಯ ನೀಡಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಸಂಸ್ಥೆ, ಯಾವ ಉಪಕರಣವನ್ನಾದರೂ ಒಂದೇ ರೀತಿಯಲ್ಲಿ ಜೋಡಿಸಲು ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೋಕಾಲ್’ ಎಂಬ ಒಪ್ಪಂದದ ಕ್ರಮವನ್ನು ಪ್ರಕಟಿಸಿತು. ಈ ಎಲ್ಲ ಕಡೆಯೂ ಏಜೆಂಟ್ ಸಾಮಾನ್ಯವಾಗಿ ಉಪಕರಣದ ಒಳಗಿನ ಪ್ರೋಗ್ರಾಮನ್ನು ನೋಡುವುದಿಲ್ಲ. ಉಪಕರಣದ ಹೆಸರು, ಅದಕ್ಕೆ ಏನೇನು ಒದಗಿಸಬೇಕೆಂಬ ಪಟ್ಟಿ, ನಾಲ್ಕು ಸಾಲಿನ ವಿವರಣೆ, ಇಷ್ಟನ್ನೇ ಓದಿಕೊಂಡು ತೀರ್ಮಾನಕ್ಕೆ ಬರುತ್ತದೆ.

ಈಗ ನೀವು ಶಿವಾಜಿನಗರದವರು, ನಾಳೆ ಒಂಬತ್ತು ಗಂಟೆಗೆ ಕೆ.ಆರ್. ಪುರದಲ್ಲಿ ನಿಮಗೆ ಪರೀಕ್ಷೆ ಇದೆ ಎಂದುಕೊಳ್ಳಿ. “ದಂಡಿನಿಂದ ಕೆ.ಆರ್. ಪುರಕ್ಕೆ ಎಷ್ಟು ಗಂಟೆಗೆ ರೈಲಿದೆ?” ಎಂದು ಏಜೆಂಟನ್ನು ಕೇಳುತ್ತೀರಿ. ಅದರ ಬಳಿ ಎರಡು ಉಪಕರಣಗಳಿವೆ. ಒಂದರ ವಿವರಣೆ: ‘ರೈಲಿನ ಮಾಹಿತಿ ಕೊಡುತ್ತದೆ’. ಇನ್ನೊಂದರದು: ‘ನಿಲ್ದಾಣಗಳ ನಡುವಿನ ಪ್ರಯಾಣದ ಮಾಹಿತಿ ಕೊಡುತ್ತದೆ’. ಎರಡನೆಯದು ಮೆಟ್ರೋಗೆ ಸಂಬಂಧಿಸಿದ್ದು ಎಂದು ಅದಕ್ಕೆ ಹೇಗೆ ತಿಳಿಯಬೇಕು? ಕೆ.ಆರ್. ಪುರದಲ್ಲಿ ರೈಲು ನಿಲ್ದಾಣವೂ ಇದೆ, 2023ರಲ್ಲಿ ಆರಂಭವಾದ ನೇರಳೆ ಮಾರ್ಗದ ಮೆಟ್ರೋ ನಿಲ್ದಾಣವೂ ಇದೆ. ‘ದಂಡು’ ಎಂದರೆ ಕಂಟೋನ್ಮೆಂಟ್ ಎಂಬುದು ನಮ್ಮ ಅಜ್ಜಂದಿರಿಗೆ ಗೊತ್ತು. 1809ರಲ್ಲಿ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದು ನೆಲೆಸಿದಾಗಿನಿಂದ ಉಳಿದ ಹೆಸರು ಅದು. ಯಂತ್ರಕ್ಕೂ ಗೊತ್ತಿರಬಹುದು, ಇಲ್ಲದಿರಬಹುದು.

ಅದೇ ವಿವರಣೆಯನ್ನು ಹೀಗೆ ಬರೆದರೆ?

‘ಭಾರತೀಯ ರೈಲ್ವೆಯ ಎರಡು ನಿಲ್ದಾಣಗಳ ನಡುವೆ, ಕೇಳಿದ ದಿನ ಓಡುವ ರೈಲುಗಳ ವೇಳೆಯನ್ನು ತಿಳಿಸುತ್ತದೆ. ಮೆಟ್ರೋಗೆ ಇದನ್ನು ಬಳಸಬಾರದು. ನಿಲ್ದಾಣವನ್ನು ರೈಲ್ವೆಯ ಸಂಕೇತದಲ್ಲೇ ಕೊಡಬೇಕು. ಉದಾಹರಣೆಗೆ ಬೆಂಗಳೂರು ದಂಡು ಬಿಎನ್‌ಸಿ, ಕೃಷ್ಣರಾಜಪುರ ಕೆಜೆಎಂ. ಸಂಕೇತ ತಿಳಿಯದಿದ್ದರೆ ಊಹಿಸದೆ, ಬಳಕೆದಾರರನ್ನು ಕೇಳಬೇಕು. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಬೇಕು. ಈ ಉಪಕರಣ ಟಿಕೆಟ್ ಕಾದಿರಿಸುವುದಿಲ್ಲ.’

ಸಂಕೇತವೇ ಏಕೆ? ಹೆಸರುಗಳು ಬದಲಾಗುತ್ತವೆ. ಸಿಟಿ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂದ ಮೇಲೂ ಅದರ ಸಂಕೇತ ಹಳೆಯ ಎಸ್‌ಬಿಸಿಯೇ. ದಿನಾಂಕದ ಕ್ರಮ ಹೇಳಿದ್ದೇಕೆಂದರೆ, 03-04 ಎಂಬುದು ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4.

ಹೆಚ್ಚಿನವರು ಮರೆಯುವ ಸಂಗತಿ ಇನ್ನೊಂದಿದೆ. ಉಪಕರಣ ಬರಿಗೈಯಲ್ಲಿ ಮರಳಿದರೆ ಏನೆಂದು ತಿಳಿಯಬೇಕು? ಆ ವೇಳೆಗೆ ರೈಲೇ ಇಲ್ಲದಿರುವುದು ಒಂದು. ಮಾಹಿತಿ ಇರುವ ಗಣಕದೊಡನೆ ಸಂಪರ್ಕ ತಪ್ಪಿಹೋಗಿರುವುದು ಇನ್ನೊಂದು. ಎರಡಕ್ಕೂ ಖಾಲಿ ಪಟ್ಟಿಯೇ ಬಂದರೆ ಏಜೆಂಟ್ ಧೈರ್ಯವಾಗಿ “ನಾಳೆ ಬೆಳಗ್ಗೆ ರೈಲು ಇಲ್ಲ” ಎಂದುಬಿಡುತ್ತದೆ. ನೀವು ನಂಬಿ, ಆಟೋಗೆ ದುಡ್ಡು ಸುರಿದು, ದಟ್ಟಣೆಯಲ್ಲಿ ಸಿಕ್ಕಿ ಪರೀಕ್ಷೆಗೆ ತಡವಾಗಿ ತಲುಪುತ್ತೀರಿ. ಆದ್ದರಿಂದ ‘ಖಾಲಿ ಪಟ್ಟಿ ಬಂದರೆ ರೈಲಿಲ್ಲ, ಸಂಪರ್ಕ ಸಿಗದಿದ್ದರೆ ದೋಷದ ಸಂದೇಶ ಬರುತ್ತದೆ, ಆಗ ರೈಲಿಲ್ಲವೆಂದು ಹೇಳಬಾರದು’ ಎಂದೂ ಬರೆಯಬೇಕು, ಉಪಕರಣವೂ ಹಾಗೆಯೇ ನಡೆದುಕೊಳ್ಳುವಂತೆ ರಚಿಸಬೇಕು. ನನ್ನನ್ನು ಕೇಳಿದರೆ, ಇಡೀ ವಿವರಣೆಯಲ್ಲಿ ಅತಿ ಬೆಲೆಯುಳ್ಳ ಸಾಲು ಇದೇ. ಹಣ ಪಾವತಿ ಮಾಡುವ ಉಪಕರಣವಾದರೆ ‘ಮೊದಲು ಬಳಕೆದಾರರ ಒಪ್ಪಿಗೆ ಪಡೆಯಬೇಕು’ ಎಂಬ ಮಾತೂ ಬೇಕು.

ಹಾಗೆಂದು ಪುಟಗಟ್ಟಲೆ ಬರೆಯುವುದೂ ಸಲ್ಲ. ಏಜೆಂಟ್ ಒಂದೇ ಸಲಕ್ಕೆ ಗಮನದಲ್ಲಿಡಬಲ್ಲ ಪಠ್ಯಕ್ಕೆ ಮಿತಿಯುಂಟು. ಹತ್ತಾರು ಉಪಕರಣಗಳ ವಿವರಣೆಗಳೆಲ್ಲ ಆ ಮಿತಿಯೊಳಗೇ ಹಿಡಿಸಬೇಕು.

ಬರೆದದ್ದು ಸರಿಯಿದೆಯೇ ಎಂದು ತಿಳಿಯಲು ಅದನ್ನು ಈ ವಿಷಯದ ಗಂಧವಿಲ್ಲದ ಗೆಳೆಯನಿಗೆ ಕೊಡಿ. ಅವನು ನಿಮ್ಮನ್ನು ಏನೇನು ಕೇಳುತ್ತಾನೋ ಅದೆಲ್ಲ ವಿವರಣೆಯಲ್ಲಿ ಬಿಟ್ಟುಹೋದದ್ದು. ಆಮೇಲೆ ಏಜೆಂಟಿಗೇ ಹತ್ತಿಪ್ಪತ್ತು ಪ್ರಶ್ನೆ ಹಾಕಿ, ಅದು ಎಲ್ಲಿ ತಪ್ಪಿತೆಂದು ಗುರುತು ಹಾಕಿಕೊಳ್ಳಿ. ಶಿವಾಜಿನಗರದಿಂದ ಬಸ್ಸು ಹುಡುಕುವ ಉಪಕರಣವೊಂದಕ್ಕೆ ನೀವೇ ವಿವರಣೆ ಬರೆದು ನೋಡಬಹುದು. ‘ಹಲಸೂರು’ ಎಂದು ಕೇಳಿದರೂ ‘ಅಲಸೂರು’ ಎಂದು ಕೇಳಿದರೂ ‘ಉಲ್ಸೂರ್’ ಎಂದು ಕೇಳಿದರೂ ಒಂದೇ ಉತ್ತರ ಬರಬೇಕು.